ರಾಯ್ಸ್ ಟ್ಯಾಕೆಟ್ ಕಣ್ಣು ಮುಚ್ಚಿದ ಮೇಲೆ

ರಾಯ್ಸ್ ಟ್ಯಾಕೆಟ್ ಕಣ್ಣು ತೆರೆದಿರುವ ತನಕ ಅವನೂ ನಮ್ಮ ನಿಮ್ಮ ಹಾಗೆ ಮನುಷ್ಯನೇ. ಎರಡು ಚರಣ ಹಾಡುತ್ತಾನೆ, ಮುಂದಿನ ಸಾಲಿನ ಹುಡುಗಿಯರತ್ತ ನೋಡುತ್ತಾನೆ, ಕೂದಲು ಸರಿಮಾಡಿಕೊಳ್ಳುತ್ತಾನೆ. ಆಮೇಲೆ ಗಿಟಾರ್ ಹೊಟ್ಟೆಗೊತ್ತಿಕೊಂಡು ತಲೆ ಹಿಂದಕ್ಕೆ ವಾಲಿಸುತ್ತಾನೆ, ಬಾಯಿ ಅಗಲವಾಗಿ ತೆರೆಯುತ್ತದೆ, ರೆಪ್ಪೆ ಮುಚ್ಚುತ್ತದೆ. ಅವನಪ್ಪ ಹಲ್ಲಿನ ಡಾಕ್ಟರು ಎಂಬುದು ಆ ಬಾಯಿ ನೋಡಿದವರಿಗೆ ಯಾರೂ ಹೇಳಬೇಕಾಗಿರಲಿಲ್ಲ. ಅಲ್ಲಿಂದಾಚೆಗೆ ಹಾಡು ಹನುಮಂತನ ಬಾಲ.

ಸಾವಿರದ ಒಂಬೈನೂರ ಎಪ್ಪತ್ತೊಂದರಲ್ಲಿ ಟೊಲೀಡೊ ಊರಿನಲ್ಲಿ ಒಂದು ನಂಬಿಕೆ ಇತ್ತು: ಹಾಡು ಎಷ್ಟು ಉದ್ದವೋ ಅಷ್ಟು ಆಳ. ನಾಲ್ಕು ನಿಮಿಷದಲ್ಲಿ ಮುಗಿಸುವವನು ರೇಡಿಯೊಗೆ ಮಾರಿಕೊಂಡ ಹೊಟ್ಟೆಬಾಕ, ಅರ್ಧ ಗಂಟೆ ಎಳೆಯುವವನು ಋಷಿ. ಡಿಟ್ರಾಯಿಟ್‌ನಲ್ಲಿ ಯಾವನೋ ಒಬ್ಬ ಒಂದೇ ಹಾಡನ್ನು ಸಂಜೆಯಿಡೀ ನುಡಿಸಿದನಂತೆ ಎಂಬ ಸುದ್ದಿ ಬಂದ ವಾರ ರಾಯ್ಸ್‌ಗೆ ಊಟ ಸೇರಿರಲಿಲ್ಲ. ಜಾರ್ಜಿಯಾದ ಹತ್ತಿ ಹೊಲದಲ್ಲಿ ಹುಟ್ಟಿದವನ ಹಾಗೆ ಮಾತು ಎಳೆದೆಳೆದು ಆಡುತ್ತಿದ್ದ. ಹುಟ್ಟಿದ್ದು ಮಾತ್ರ ನದಿಯಾಚೆಯ ಪೆರಿಸ್‌ಬರ್ಗ್‌ನಲ್ಲಿ, ಮೂರು ಬಚ್ಚಲುಮನೆ ಇದ್ದ ಬಂಗಲೆಯಲ್ಲಿ. ಹತ್ತಿ ಹೊಲದ ಕೂಲಿಗಳ ಗೋಳಿನಿಂದ ಹುಟ್ಟಿದ ಬ್ಲೂಸ್ ಹಾಡನ್ನು ಕಷ್ಟ ಕಂಡವನು ಮಾತ್ರ ನುಡಿಸಬಲ್ಲ ಎಂದು ಅವನು ಹೇಳುವಾಗ ಪಕ್ಕದಲ್ಲಿ ನಿಂತವರು ನಗು ತಡೆದುಕೊಳ್ಳಬೇಕಾಗುತ್ತಿತ್ತು.

ಪಕ್ಕದಲ್ಲಿ ನಿಂತವರು ಇಬ್ಬರೇ. ಬೇಸ್ ಗಿಟಾರಿನ ಲೆಶೆಕ್ ವ್ರೂಬೆಲ್, ಡ್ರಮ್ಸಿನ ಸ್ಟಾಶ್ ಪವ್ಲಾಕ್. ಇಬ್ಬರೂ ಲಗ್ರಾಂಜ್ ಬೀದಿಯ ಪೋಲಿಷ್ ಕೇರಿಯ ಹುಡುಗರು, ಒಂದೇ ಚರ್ಚಿನಲ್ಲಿ ದೀಕ್ಷಾಸ್ನಾನ ಮಾಡಿಸಿಕೊಂಡವರು. ರಾಯ್ಸ್‌ನ ಆತ್ಮ ಮುಗಿಲಲ್ಲಿ ವಿಹರಿಸುವಾಗ ನೆಲದ ಮೇಲೆ ಅದೇ ಏಳು ಸ್ವರ ಸುತ್ತಿಸಿ ಸುತ್ತಿಸಿ ನುಡಿಸುತ್ತಿರುವುದು ಲೆಶೆಕ್‌ನ ಕೆಲಸ. ಗಾಣದ ಎತ್ತಿಗೂ ಅವನಿಗೂ ವ್ಯತ್ಯಾಸವೆಂದರೆ ಎತ್ತಿಗೆ ಯಾರೂ ಚಪ್ಪಾಳೆ ತಟ್ಟುವುದಿಲ್ಲ. ಅವನಿಗೂ ತಟ್ಟುತ್ತಿರಲಿಲ್ಲ, ಹಾಗಾಗಿ ಆ ವ್ಯತ್ಯಾಸವೂ ಇಲ್ಲವೆನ್ನಿ. ನಿಲ್ಲಿಸುವುದು ಯಾವಾಗ ಎಂದರೆ, ರಾಯ್ಸ್ ಗಿಟಾರಿನ ಕತ್ತನ್ನು ಮೇಲಕ್ಕೆತ್ತಿ ಕೆಳಗಿಳಿಸಿದಾಗ. ಅದು ಸನ್ನೆ. ಆ ಸನ್ನೆ ಆಗುವ ತನಕ ಭೂಕಂಪವಾದರೂ ನಿಲ್ಲಿಸುವಂತಿಲ್ಲ.

ಆ ಭಾನುವಾರ ಮೌಮಿ ನದಿಯ ದಂಡೆಯ ಪಾರ್ಕಿನಲ್ಲಿ ಬಿಟ್ಟಿ ಕಾರ್ಯಕ್ರಮ. ಹಳೆಯ ಮರದ ವೇದಿಕೆ, ಮುಂದೆ ಹುಲ್ಲು, ಹುಲ್ಲಿನ ಮೇಲೆ ಬರಿಗಾಲಿನ ಜನ. ಸಂಜೆ ಏಳಕ್ಕೆ ಮುಗಿಸಬೇಕೆಂದು ನಗರಸಭೆಯ ಅಪ್ಪಣೆ. ಅಪ್ಪಣೆಯನ್ನು ಕಾಯಲು ಪಾರ್ಕಿನ ಮೇಸ್ತ್ರಿ ಓರ್ವಿಲ್ ಹಿಂಕಲ್ ವೇದಿಕೆಯ ಪಕ್ಕದ ಕರೆಂಟಿನ ಪೆಟ್ಟಿಗೆಗೆ ಒರಗಿ ನಿಂತಿದ್ದ.

"ಏಳು ಅಂದ್ರೆ ಏಳು ಕಣಪ್ಪಾ," ಎಂದು ಆತ ಮೊದಲೇ ಹೇಳಿದ್ದ. "ನನ್ ಹೆಂಡ್ತಿ ಕೋಳಿ ಹುರಿದಿಟ್ಟಿರ್ತಾಳೆ. ನಿಮ್ ಗಲಾಟೆಗೆ ಅದನ್ನ ಆರಿಸ್ಕೊಳ್ಳಕ್ಕೆ ನಾನ್ ತಯಾರಿಲ್ಲ."

ವೇದಿಕೆ ಹತ್ತುವ ಮುಂಚೆ ಲೆಶೆಕ್ ರಾಯ್ಸ್‌ನನ್ನು ಹಿಡಿದುಕೊಂಡ. "ಇವತ್ತು ನನ್ ಹಾಡು ಇದೆ ತಾನೆ?"

"ಇದೆ ಗುರೂ. ಕೊನೇದು ಅದೇ. ಆಣೆ."

"ಹೋದ್ ಸಲಾನೂ ಕೊನೇದು ಅದೇ ಇತ್ತು."

"ಹೋದ್ ಸಲ ಬ್ಲೂಸ್ ನನ್ನ ಬಿಡ್ಲಿಲ್ಲ ಮಾರಾಯ. ಹಿಡ್ಕೊಂಡ್ಬಿಡ್ತು. ನಾನೇನ್ ಮಾಡ್ಲಿ?"

"ಇವತ್ತು ಹಿಡ್ಕೊಂಡ್ರೆ ಒದ್ದು ಬಿಡಿಸ್ಕೋ. ನಮ್ಮಪ್ಪ ಬಂದಿದಾರೆ."

ರಾಯ್ಸ್ ಎದೆಯ ಮೇಲೆ ಕೈಯಿಟ್ಟು, "ಅಪ್ಪ ಅಂದ್ರೆ ದೇವ್ರು," ಎಂದ. ತನ್ನಪ್ಪನ ಜೊತೆ ಮಾತು ಬಿಟ್ಟು ಎರಡು ವರ್ಷವಾಗಿದ್ದವನು, ತಿಂಗಳ ಖರ್ಚಿಗೆ ಮಾತ್ರ ಅಮ್ಮನ ಮೂಲಕ ಸಂಪರ್ಕ ಇಟ್ಟುಕೊಂಡಿದ್ದವನು.

ಲೆಶೆಕ್‌ನ ಅಪ್ಪ ಬ್ರೋನಿಸ್ಲಾವ್ ವ್ರೂಬೆಲ್ ಗಾಜಿನ ಕಾರ್ಖಾನೆಯಲ್ಲಿ ಕುಲುಮೆ ಕಾದು ನಿವೃತ್ತನಾದವನು. ಆದರೆ ಕೇರಿಯಲ್ಲಿ ಅವನನ್ನು ಯಾರೂ ಗಾಜಿನವನು ಎಂದು ಕರೆಯುತ್ತಿರಲಿಲ್ಲ. ಅವನು ಮದುವೆಮನೆಗಳ ಅಕಾರ್ಡಿಯನ್ ಯಜಮಾನ. ಕೇರಿಯ ಅರ್ಧ ಗಂಡಹೆಂಡಿರು ಅವನು ನುಡಿಸಿದ ಪೋಲ್ಕಾ ಎಂಬ ಜೋಡಿಕುಣಿತದ ಗತ್ತಿಗೆ ಹೆಜ್ಜೆಹಾಕಿ ಬೆವತು ಸಂಸಾರ ಶುರುಮಾಡಿದವರು. ಲೆಶೆಕ್, ಸ್ಟಾಶ್ ಇಬ್ಬರೂ ಪಾದ ನೆಲಕ್ಕೆ ಸರಿಯಾಗಿ ಎಟುಕದ ವಯಸ್ಸಿನಿಂದ ಅವನ ಮೇಳದಲ್ಲೇ ಕೂತು ಕಲಿತವರು. ಅಲ್ಲಿ ಕಾನೂನು ಒಂದೇ: ಸಾರು ಆರಬಾರದು. ಬಡಿಸುವ ಹೆಂಗಸರು ಅಡುಗೆಮನೆ ಬಾಗಿಲಲ್ಲಿ ತಟ್ಟೆ ಹಿಡಿದು ಕಾಣಿಸಿಕೊಂಡರು ಎನ್ನುವಾಗ, ಎರಡು ಕೈಯೂ ಅಕಾರ್ಡಿಯನ್ನಿನಲ್ಲಿ ಸಿಕ್ಕಿಕೊಂಡಿದ್ದ ಬ್ರೋನಿಸ್ಲಾವ್ ಎಡಗಾಲಿನ ಹಿಮ್ಮಡಿಯಿಂದ ಹಲಗೆಗೆ ಎರಡು ಸಲ ಗುದ್ದುತ್ತಿದ್ದ. ಎರಡನೆಯ ಗುದ್ದಿಗೆ ಮೇಳವೆಲ್ಲ ಧಂ, ಧಂ ಎಂದು ಕಡಿದು ನಿಲ್ಲಬೇಕು. ನಿಲ್ಲದವನಿಗೆ ಆ ರಾತ್ರಿ ಸಾಸೇಜು ಇಲ್ಲ. ಸಾಸೇಜು ತಪ್ಪಿಸಿಕೊಂಡ ಹುಡುಗ ಮರುವಾರ ಆ ಗುದ್ದನ್ನು ನಿದ್ದೆಯಲ್ಲೂ ಮರೆಯುತ್ತಿರಲಿಲ್ಲ.

ಆ ಮೇಳ ಬಿಟ್ಟು ಲೆಶೆಕ್ ರಾಯ್ಸ್‌ನ ಜೊತೆ ಬಂದ ದಿನ ಮುದುಕ ಕೂಗಾಡಲಿಲ್ಲ. "ಮೂರು ನಿಮಿಷದಲ್ಲಿ ಹೇಳಕ್ಕೆ ಆಗ್ದಿದ್ರೆ ಹೇಳಕ್ಕೆ ಏನೂ ಇಲ್ಲ ಅಂತ ಅರ್ಥ ಕಣೋ," ಎಂದಷ್ಟೇ ಹೇಳಿ ಪೈಪ್ ಹೊತ್ತಿಸಿಕೊಂಡ. ಆಮೇಲೆ ಚಳಿಗಾಲದಲ್ಲಿ ತಾಯಿ ಯಾದ್ವಿಗಾ ತೀರಿಕೊಂಡಳು. ಅಲ್ಲಿಗೆ ಅಪ್ಪ ಮಗನ ನಡುವೆ ಇದ್ದ ಒಂದು ಸೇತುವೆಯೂ ಮುರಿಯಿತು. ಲೆಶೆಕ್ ಭಾನುವಾರ ಮನೆಗೆ ಹೋಗುತ್ತಿದ್ದ, ಇಬ್ಬರೂ ಬೀಟ್‌ರೂಟ್ ಸಾರು ಉಣ್ಣುತ್ತಿದ್ದರು, ಚಮಚದ ಸದ್ದು ಬಿಟ್ಟರೆ ಬೇರೆ ಮಾತಿಲ್ಲ. ಅವನು ಅಮ್ಮನ ಹೆಸರೆತ್ತಿದರೆ ಸಾಕು, ಮುದುಕ ಎದ್ದು ಹೋಗಿ ರೇಡಿಯೊ ಜೋರು ಮಾಡುತ್ತಿದ್ದ. ಹೇಳಬೇಕಾದ್ದು ಲೆಶೆಕ್‌ನಲ್ಲೇ ಉಳಿಯಿತು. ಕೊನೆಗೆ ಅದನ್ನು ಹಾಡು ಮಾಡಿದ. ಮೂರು ಚರಣ, ನಾಲ್ಕು ನಿಮಿಷದೊಳಗೆ.

ಮುದುಕನಿಗೆ ಸುದ್ದಿ ಮುಟ್ಟಿಸಿದವಳು ಸ್ತೆಫಾ ಚಿಕ್ಕಮ್ಮ. "ಯಾದ್ವಿಗಾ ಮೇಲೆ ಹಾಡು ಕಟ್ಟಿದಾನಂತೆ ನಿನ್ ಮಗ. ಕೇಳಕ್ಕಾದ್ರೂ ಹೋಗೋ ಮೊಂಡ." ಬ್ರೋನಿಸ್ಲಾವ್ ಮೂರು ದಿನ ಯೋಚನೆ ಮಾಡಿ ಮಗನಿಗೆ ಫೋನು ಮಾಡಿದ. "ಒಂದೇ ಸಲ ಬರ್ತೀನಿ. ಹಾಡಿದ್ರೆ ಕೇಳ್ತೀನಿ. ಇಲ್ದಿದ್ರೆ ಇನ್ನೊಂದ್ಸಲ ಕರೀಬೇಡ." ಅಷ್ಟು ಹೇಳಿ ಫೋನಿಟ್ಟ. ಮುದುಕ ಎರಡನೆಯ ಸಲ ಎಲ್ಲಿಗೂ ಬರುವ ಗಿರಾಕಿಯಲ್ಲ ಎಂದು ಲೆಶೆಕ್‌ಗೆ ಚೆನ್ನಾಗಿ ಗೊತ್ತಿತ್ತು.

ಬಂದ, ಸರಿ. ಚರ್ಚಿಗೆ ಹಾಕುವ ಕಪ್ಪು ಸೂಟು, ಟೈ, ಟೋಪಿ, ಕಾರ್ಖಾನೆಯ ಕಬ್ಬಿಣದ ಮೂತಿಯ ಬೂಟು. ಕಂಕುಳಲ್ಲಿ ಮಡಚುವ ಕುರ್ಚಿ. ಹುಲ್ಲಿನ ಮೇಲೆ ಉರುಳಾಡುತ್ತಿದ್ದ ಉದ್ದಗೂದಲಿನವರ ನಟ್ಟನಡುವೆ, ಮುಂದಿನ ಸಾಲಿನಲ್ಲಿ, ಕುರ್ಚಿ ಬಿಚ್ಚಿ ಕೂತ. ಪಕ್ಕದಲ್ಲಿದ್ದ ಒಬ್ಬ ಗಡ್ಡದವನು ಪ್ರೀತಿಯಿಂದ ತಾನು ಸೇದುತ್ತಿದ್ದ ಗಾಂಜಾದ ಸುರುಳಿಯನ್ನು ಮುಂದೆ ಚಾಚಿದ. ಬ್ರೋನಿಸ್ಲಾವ್ ಅದನ್ನು ಮೂಸಿ ನೋಡಿ, "ತಂಬಾಕು ಕೆಟ್ಟೋಗಿದೆ ಕಣಪ್ಪಾ," ಎಂದು ವಾಪಸ್ ಕೊಟ್ಟು ತನ್ನ ಪೈಪ್ ತೆಗೆದ. ಒಂದು ಹುಡುಗಿ ಕೈಯೆರಡೂ ಮೇಲೆತ್ತಿ ಅವನ ಕುರ್ಚಿಯ ಸುತ್ತ ಸುತ್ತತೊಡಗಿದಳು.

"ಯಾರ್ ಜೊತೆ ಕುಣೀತಿದ್ದೀಯಮ್ಮ?" ಎಂದು ಕೇಳಿದ.

"ಎಲ್ರ ಜೊತೆ!"

"ಅಂದ್ರೆ ಯಾರ್ ಜೊತೇನೂ ಅಲ್ಲ," ಎಂದು ಮುದುಕ ತಲೆಯಾಡಿಸಿದ.

ಕಾರ್ಯಕ್ರಮ ಶುರುವಾಯಿತು. ಮೊದಲೆರಡು ಹಾಡು ಮನುಷ್ಯರ ಅಳತೆಯಲ್ಲೇ ಇದ್ದವು. ಲೆಶೆಕ್‌ಗೆ ಧೈರ್ಯ ಬಂತು. ಮೂರನೆಯದು ರಾಯ್ಸ್‌ನ ಖಾಸಾ ಬ್ಲೂಸ್. ಸರಕು ರೈಲಿನ ಛಾವಣಿಯ ಮೇಲೆ ಮಲಗಿ ಊರೂರು ಅಲೆದ ಅನಾಥನ ಗೋಳು. ಹಾಡಿದವನು ಅಮ್ಮನ ಕಾರಿನಲ್ಲಿ ಬಂದಿದ್ದ. ಎರಡು ಚರಣ ಆಯಿತು. ತಲೆ ವಾಲಿತು, ಬಾಯಿ ತೆರೆಯಿತು, ಕಣ್ಣು ಮುಚ್ಚಿತು.

ಇನ್ನೂ ಹೊತ್ತಿದೆ, ಮುಗಿಸುತ್ತಾನೆ ಎಂದುಕೊಂಡ ಲೆಶೆಕ್. ಏಳು ಸ್ವರ ಸುತ್ತಿಸಿದ. ಮತ್ತೆ ಸುತ್ತಿಸಿದ. ರಾಯ್ಸ್ ಮೇಲಿನ ತಂತಿಗೆ ಹತ್ತಿದ, ಇಳಿದ, ಒಂದೇ ಸ್ವರವನ್ನು ಹಿಡಿದು ಕಿವಿ ಹಿಂಡಿದ ಹಾಗೆ ಹಿಂಡಿದ. ಜನ ಹೋ ಎಂದರು. ಹೋ ಎನ್ನಬಾರದಿತ್ತು, ಉರಿಯುವವನ ಮೇಲೆ ಎಣ್ಣೆ ಸುರಿದ ಹಾಗಾಯಿತು. ರಾಯ್ಸ್ ಮಂಡಿಯೂರಿದ. ಮಂಡಿಯೂರಿದನೆಂದರೆ ಇನ್ನೂ ಅರ್ಧವೂ ಆಗಿಲ್ಲ ಎಂದರ್ಥ. ಲೆಶೆಕ್ ತಿರುಗಿ ಸ್ಟಾಶ್‌ನ ಮುಖ ನೋಡಿದ. ಸ್ಟಾಶ್ ಬಾರಿಸುತ್ತಲೇ ತುಟಿಯಲ್ಲಿ ಪೋಲಿಷ್ ಭಾಷೆಯ ಒಂದು ಬೈಗುಳ ಆಡಿದ. ಅದನ್ನು ಇಲ್ಲಿ ಬರೆಯುವುದು ಬೇಡ.

"ರಾಯ್ಸ್! ಮುಗ್ಸೋ!" ಎಂದು ಲೆಶೆಕ್ ಅವನ ಕಿವಿಗೇ ಬಾಯಿಟ್ಟು ಕೂಗಿದ. ಕೋಣನ ಮುಂದೆ ಕಿನ್ನರಿ. ರಾಯ್ಸ್ ಮುಗುಳ್ನಕ್ಕು ತಲೆಯಾಡಿಸಿದ. ಬೇಸ್‌ನವನಿಗೂ ಇವತ್ತು ಉತ್ಸಾಹ ಬಂದಿದೆ ಎಂದುಕೊಂಡನೋ ಏನೋ. ಪೆಟ್ಟಿಗೆಯ ಪಕ್ಕ ಹಿಂಕಲ್ ಕೈಗಡಿಯಾರ ನೋಡಿಕೊಂಡ. ಅವನ ಮುಖದಲ್ಲಿ ಹುರಿದ ಕೋಳಿಯ ನೆನಪು ಮೂಡತೊಡಗಿತ್ತು.

ಕೆಳಗೆ ಬ್ರೋನಿಸ್ಲಾವ್ ಮೇಣದ ಕಾಗದ ಬಿಚ್ಚಿ ಸಾಸೇಜಿನ ಸ್ಯಾಂಡ್‌ವಿಚ್ ತಿಂದ. ಕಾಗದವನ್ನು ನೀಟಾಗಿ ಮಡಚಿ ಜೇಬಿಗಿಟ್ಟ. ಪೈಪ್ ಸೇದಿ ಮುಗಿಸಿದ, ಬೂದಿ ಕೊಡವಿದ, ಮತ್ತೆ ತುಂಬಿದ, ಅದೂ ಮುಗಿಯಿತು. ಸುತ್ತುತ್ತಿದ್ದ ಹುಡುಗಿ ಸುಸ್ತಾಗಿ ಅವನ ಕುರ್ಚಿಯ ಕಾಲಿಗೆ ಒರಗಿ ನಿದ್ದೆ ಹೋದಳು. ಹಾಡು ಇನ್ನೂ ನಡೆಯುತ್ತಿತ್ತು, ಅಥವಾ ನಿಂತಲ್ಲೇ ನಿಂತಿತ್ತು. ಎರಡರ ನಡುವೆ ಹೆಚ್ಚು ವ್ಯತ್ಯಾಸವಿರಲಿಲ್ಲ. ಆಮೇಲೆ ಮುದುಕ ಎದ್ದ. ಹುಡುಗಿಯ ತಲೆಯನ್ನು ಮೆಲ್ಲಗೆ ಹುಲ್ಲಿನ ಮೇಲಿಳಿಸಿ ಕುರ್ಚಿ ಮಡಚಿದ, ಕಂಕುಳಲ್ಲಿಟ್ಟ.

ಲೆಶೆಕ್ ವೇದಿಕೆಯಿಂದ ಅದನ್ನು ನೋಡಿದ. ಹೋಗ್ತಿದಾರೆ. ಅಪ್ಪ ಹೋಗ್ತಿದಾರೆ. ಕೈ ಮಾತ್ರ ಅವೇ ಏಳು ಸ್ವರ ಸುತ್ತಿಸುತ್ತಲೇ ಇತ್ತು. ಬಿಟ್ಟು ಓಡಿಹೋಗಿ ತಡೆಯೋಣವೆಂದರೆ ಸನ್ನೆ ಆಗಿಲ್ಲ. ಸನ್ನೆ ಆಗದೆ ನಿಲ್ಲಿಸಿದ ಬೇಸ್‌ನವನನ್ನು ಆ ಕಾಲದಲ್ಲಿ ಯಾವ ಮೇಳವೂ ಹತ್ತಿರ ಸೇರಿಸುತ್ತಿರಲಿಲ್ಲ. ಅವನಿಗೆ ಅಳು ಬಂತು. ಸುತ್ತ ಸಾವಿರ ಜನ ಆನಂದದಲ್ಲಿ ತೇಲುತ್ತಿದ್ದಾಗ, ಆ ಆನಂದಕ್ಕೆ ತಳಪಾಯ ಹಾಕುತ್ತಾ ನಿಂತವನು ಅಳುತ್ತಿದ್ದ. ಅದನ್ನು ಕಂಡ ಗಡ್ಡದವನು ಪಕ್ಕದವನಿಗೆ, "ನೋಡೋ, ಬೇಸ್‌ನವ್ನಿಗೂ ಮುಟ್ತಾ ಇದೆ," ಎಂದ.

ಆದರೆ ಬ್ರೋನಿಸ್ಲಾವ್ ಗೇಟಿನ ಕಡೆ ಹೋಗಲಿಲ್ಲ. ಹೇಳದೆ ಎದ್ದು ಹೋಗುವುದು ಮರ್ಯಾದೆಯಲ್ಲ ಎಂದು ಬೆಳೆದವನು. ಪಕ್ಕದ ಮೆಟ್ಟಿಲು ಹತ್ತಿ ವೇದಿಕೆಯ ಮೇಲೇ ಬಂದ. ಮಗನ ಹತ್ತಿರ ನಿಂತು ಏನೋ ಹೇಳಿದ. ಒಂದಕ್ಷರವೂ ಕೇಳಿಸಲಿಲ್ಲ. ಟೋಪಿ ತೋರಿಸಿದ, ಗೇಟು ತೋರಿಸಿದ. ಲೆಶೆಕ್ ತಲೆಯಲ್ಲಾಡಿಸಿದ, ಬೇಡ, ಬೇಡ, ಒಂದ್ನಿಮಿಷ. ಮುದುಕ ರಾಯ್ಸ್‌ನ ಕಡೆ ನೋಡಿದ. ತೆರೆದ ಬಾಯಿ, ಮುಚ್ಚಿದ ಕಣ್ಣು, ಬೆವರು. ಸಾರು ತಣ್ಣಗಾಗಿ ಮೇಲೆ ಕೊಬ್ಬು ಕಟ್ಟಿದ್ದನ್ನು ನೋಡುವ ಹಾಗೆ ನೋಡಿದ. ಮಗನ ಮುಖ ನೋಡಿದ, ಕೆನ್ನೆ ಒದ್ದೆಯಾಗಿತ್ತು.

ಎಡಗಾಲಿನ ಹಿಮ್ಮಡಿ ಹಲಗೆಗೆ ಗುದ್ದಿತು. ಒಂದು. ಎರಡು.

ಆ ಗದ್ದಲದಲ್ಲಿ ಅದು ಯಾರ ಕಿವಿಗೂ ಬೀಳುವಂತಿರಲಿಲ್ಲ. ಕಬ್ಬಿಣದ ಬೂಟಿನ ಗುದ್ದು ಮರದ ಹಲಗೆಯೊಳಗೆ ಹಾದು ಲೆಶೆಕ್‌ನ ಅಂಗಾಲಿಗೆ ಬಂತು, ಸ್ಟಾಶ್‌ನ ಸ್ಟೂಲಿಗೆ ಬಂತು. ತಲೆ ಯೋಚಿಸುವ ಮೊದಲೇ ಕೈ ಕೆಲಸ ಮುಗಿಸಿತ್ತು. ಧಂ, ಧಂ. ಇಬ್ಬರೂ ಒಂದೇ ಏಟಿಗೆ ಕಡಿದು ನಿಂತರು. ಸ್ಟಾಶ್ ಕಂಚಿನ ತಾಳವನ್ನು ಅಂಗೈಯಲ್ಲಿ ಹಿಡಿದು ಸದ್ದೂ ಅಡಗಿಸಿದ. ನಿಲ್ಲಿಸಿದ ಮೇಲೆ ತಾವು ಏನು ಮಾಡಿಬಿಟ್ಟೆವೆಂದು ಹೊಳೆದು ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು.

ರಾಯ್ಸ್ ನಿಲ್ಲಲಿಲ್ಲ. ಅವನಿಗೆ ಗೊತ್ತೇ ಆಗಲಿಲ್ಲ. ಕೆಳಗಿನ ನೆಲ ಎದ್ದು ಹೋಗಿದ್ದರೂ ಮಹಡಿಯಲ್ಲಿ ನಡೆದಾಡುತ್ತಿರುವವನ ಹಾಗೆ ಒಬ್ಬನೇ ಮಂಡಿಯೂರಿ ಕೀಂ ಕೀಂ ಅನ್ನಿಸುತ್ತಲೇ ಇದ್ದ. ಹಿಂದೆ ತಾಳವಿಲ್ಲದೆ ಕೇಳಿದರೆ, ಪಾಪ, ಅದು ಬೆಕ್ಕನ್ನು ಬಾಗಿಲ ಸಂದಿಗೆ ಸಿಕ್ಕಿಸಿದಂತಿತ್ತು. ಜನ ಉಸಿರು ಬಿಗಿಹಿಡಿದರು. ಮೊದಲೇ ಗೊತ್ತುಮಾಡಿಕೊಂಡ ಅದ್ಭುತ ಎಂದುಕೊಂಡರು. ಕೊನೆಗೆ ಯಾವುದೋ ಸ್ವರದ ಮಧ್ಯೆ ಅವನ ಒಂದು ಕಣ್ಣು ತೆರೆಯಿತು. ಆಮೇಲೆ ಇನ್ನೊಂದು. ಬೆರಳು ನಿಂತಿತು. ಪಾರ್ಕಿನಲ್ಲಿ ಚಪ್ಪಾಳೆ ಸಿಡಿಯಿತು.

"ಯಾವನೋ ನಿಲ್ಸಕ್ಕೆ ಹೇಳಿದ್ದು?" ಎಂದು ರಾಯ್ಸ್ ಹಲ್ಲು ಕಡಿದ.

ಲೆಶೆಕ್ ಆಗಲೇ ಮೈಕಿನ ಮುಂದಿದ್ದ. "ಇದು ನಮ್ಮಮ್ಮನ ಹಾಡು," ಎಂದವನೇ ಶುರುಮಾಡಿಬಿಟ್ಟ. ಬ್ರೋನಿಸ್ಲಾವ್ ಮೆಟ್ಟಿಲಿಳಿದು ಹೋದವನು ಕೆಳಗೆ ನಿಂತ. ಕೂರಲಿಲ್ಲ. ಕುರ್ಚಿ ಕಂಕುಳಲ್ಲೇ ಇತ್ತು.

ಹಾಡು ಸಣ್ಣದು. ಅವಳು ಸೋಮವಾರ ಬಟ್ಟೆ ಒಗೆದು ಹಿತ್ತಲ ಹಗ್ಗಕ್ಕೆ ಹಾಕಿದಳು, ಕಾರ್ಖಾನೆಯ ಚಿಮಣಿ ಕೆಮ್ಮಿತು, ಮಸಿ ಬಂದು ಬಿಳಿ ದುಪ್ಪಟಿಯ ಮೇಲೆ ಕೂತಿತು, ಮಂಗಳವಾರ ಮತ್ತೆ ಒಗೆದಳು. ಎರಡನೆಯ ಚರಣದಲ್ಲಿ ಗಂಡ ಮೈತುಂಬ ಅದೇ ಮಸಿ ಹೊತ್ತು ಮನೆಗೆ ಬರುತ್ತಾನೆ. ಅವನನ್ನು ಮಾತ್ರ ಹಗ್ಗಕ್ಕೆ ಹಾಕಲು ಬರುವುದಿಲ್ಲವೆಂದು ಅವಳು ಪಕ್ಕದ ಮನೆಯವರಿಗೆ ಹೇಳಿ ನಗುತ್ತಾಳೆ. ಹುಲ್ಲಿನ ಮೇಲಿದ್ದವರಲ್ಲಿ ಒಬ್ಬಿಬ್ಬರು ನಕ್ಕರು. ಮುದುಕ ನಗಲಿಲ್ಲ.

ಎರಡನೆಯ ಚರಣ ಮುಗಿದು ಮೂರನೆಯದಕ್ಕೆ ಉಸಿರು ತೆಗೆದುಕೊಳ್ಳುವಷ್ಟು ಜಾಗವಿತ್ತು. ಆ ಜಾಗ ರಾಯ್ಸ್‌ನ ಕಣ್ಣಿಗೆ ಬಿತ್ತು. ಖಾಲಿ ಜಾಗ ಕಂಡರೆ ಬೇಲಿ ಹಾಕುವ ಜಾತಿ ಅದು. ತಲೆ ವಾಲಿತು, ಬಾಯಿ ತೆರೆಯಿತು. ಗಿಟಾರ್ ಕೀಂ ಎಂದಿತು.

ಲೆಶೆಕ್‌ಗೆ ಕೊಲ್ಲುವಷ್ಟು ಸಿಟ್ಟು ಬಂತು. ದೇವರು ವರ ಕೊಟ್ಟರೂ ಪೂಜಾರಿ ಕೊಡನಲ್ಲ ಎಂದು ಹಲ್ಲು ಕಚ್ಚಿ ಅವನತ್ತ ತಿರುಗಿದ. ಅಷ್ಟರಲ್ಲಿ ಏಳಾಗಿತ್ತು. ಹಿಂಕಲ್ ಕೋಳಿಯನ್ನು ನೆನೆದು ಪೆಟ್ಟಿಗೆಯ ಹಿಡಿಯನ್ನು ಕೆಳಗೆಳೆದ.

ಕರೆಂಟು ಹೋಯಿತು. ರಾಯ್ಸ್‌ನ ಬೆರಳು ಓಡುತ್ತಿತ್ತು, ಸದ್ದು ಮಾತ್ರ ಬೇಲಿಯ ತಂತಿ ಕೆರೆದಷ್ಟು. ಮೈಕು ಸತ್ತಿತ್ತು, ಬೇಸ್ ಸತ್ತಿತ್ತು. ಸ್ಟಾಶ್ ಕೋಲು ಕೆಳಗಿಟ್ಟು ಬೆರಳ ತುದಿಯಿಂದ ಡ್ರಮ್ಮನ್ನು ಮೆಲ್ಲಗೆ ತಟ್ಟತೊಡಗಿದ. ಲೆಶೆಕ್ ಮೈಕು ಬಿಟ್ಟು ವೇದಿಕೆಯ ಅಂಚಿಗೆ ಬಂದು, ಮೂರನೆಯ ಚರಣವನ್ನು ಬರಿ ಗಂಟಲಿನಲ್ಲಿ ಹಾಡಿದ. ಹಿಂದಿನವರಿಗೆ ಅದು ಕೇಳಿಸಲಿಲ್ಲ. ಅವರಿಗಾಗಿ ಕಟ್ಟಿದ್ದೂ ಅಲ್ಲ.

ಈಗ ಅವನೇ ಒಗೆಯುತ್ತಾನೆ, ಅಂಗಿ ಎರಡು, ಷರಾಯಿ ಒಂದು,
ಒತ್ತೊತ್ತಾಗಿ ಸಿಕ್ಕಿಸುತ್ತಾನೆ ಹಗ್ಗದ ಈ ತುದಿಗೆ.
ಆ ತುದಿ ಖಾಲಿ ಬಿಡುತ್ತಾನೆ,
ಅವಳ ದುಪ್ಪಟಿಗೆ.

ಅದನ್ನು ಲೆಶೆಕ್ ಕಣ್ಣಾರೆ ಕಂಡಿದ್ದ. ಚಳಿಗಾಲ ಕಳೆದ ಮೇಲೆ ಒಂದು ಸೋಮವಾರ ಮನೆಗೆಂದು ಹೋದವನು, ಹಿತ್ತಲ ಗೇಟಿನಾಚೆ ನಿಂತು, ಒಳಗೆ ಹೋಗಲಾರದೆ ಹಾಗೆಯೇ ತಿರುಗಿ ಬಂದಿದ್ದ. ಅಷ್ಟುದ್ದದ ಹಗ್ಗ, ಒಂದು ಮೂಲೆಯಲ್ಲಿ ಒಂದರ ಮೇಲೊಂದು ಮುದುಡಿ ಒಣಗದೆ ಒದ್ದೆಯಾಗಿಯೇ ಇದ್ದ ಎರಡು ಅಂಗಿ.

ಹಾಡು ಮುಗಿಯಿತು. ಮುಂದಿನ ಸಾಲಿನವರು ಚಪ್ಪಾಳೆ ತಟ್ಟಿದರು, ಹಿಂದಿನವರು ಕರೆಂಟಿನವನನ್ನು ಬೈದರು. ಹಿಂಕಲ್ ಪೆಟ್ಟಿಗೆಗೆ ಬೀಗ ಹಾಕಿಕೊಂಡು ಊಟಕ್ಕೆ ಹೋದ. ವಾರಪತ್ರಿಕೆಯವನೊಬ್ಬ ವೇದಿಕೆಗೆ ಹತ್ತಿ ಬಂದಾಗ ರಾಯ್ಸ್‌ನ ಮಾತು ಆಗಲೇ ಜಾರ್ಜಿಯಾದ ಎಳೆತಕ್ಕೆ ಮರಳಿತ್ತು. "ಇಬ್ರನ್ನೂ ನಿಲ್ಸಿ ನಾನೊಬ್ನೇ ಉಳಿಯೋದು, ಅದು ನಾನು ತಿಂಗಳುಗಟ್ಲೆ ಯೋಚ್ನೆ ಮಾಡಿದ್ದು ಗುರೂ. ಮೌನಾನೂ ಬ್ಲೂಸೇ. ಆಮೇಲೆ ಕರೆಂಟು ತೆಗ್ಸಿದ್ದು ಕೂಡ..." ಎನ್ನುತ್ತಿದ್ದ. ಪತ್ರಿಕೆಯವನು ಎಲ್ಲವನ್ನೂ ಬರೆದುಕೊಳ್ಳುತ್ತಿದ್ದ.

ಲೆಶೆಕ್ ಕೆಳಗಿಳಿದು ಅಪ್ಪನ ಮುಂದೆ ನಿಂತ.

"ಕಾಲು ಗುದ್ದಿದ್ರಲ್ಲಪ್ಪಾ," ಎಂದ.

"ಜೋಮು ಹಿಡಿದಿತ್ತು," ಎಂದ ಬ್ರೋನಿಸ್ಲಾವ್. "ಅಷ್ಟೊತ್ತು ಕೂರಿಸಿದ್ರೆ ಹಿಡೀದೆ ಇನ್ನೇನು."

"ಹಾಡು?"

ಮುದುಕ ಟೋಪಿ ತೆಗೆದು ಒಳಗಿನ ಪಟ್ಟಿಯನ್ನು ಒರೆಸಿ ಮತ್ತೆ ಹಾಕಿಕೊಂಡ. ಮೂಗು ಎಳೆದುಕೊಂಡ. "ಒಂಚೂರು ಉದ್ದ ಆಯ್ತು."

ಇಬ್ಬರೂ ಗೇಟಿನ ಕಡೆ ನಡೆದರು. ಕಂಕುಳಲ್ಲಿದ್ದ ಕುರ್ಚಿಯನ್ನು ಲೆಶೆಕ್ ಕೇಳದೆಯೇ ಇಸಿದುಕೊಂಡ, ಮುದುಕ ಬೇಡವೆನ್ನಲಿಲ್ಲ. ಬಸ್ ನಿಲ್ಲುವ ಜಾಗಕ್ಕೆ ಬಂದರು. ಅಲ್ಲಿ ನಿಂತ ಮೇಲೆ ಬ್ರೋನಿಸ್ಲಾವ್ ರಸ್ತೆಯನ್ನೇ ನೋಡುತ್ತಾ ಹೇಳಿದ.

"ಆ ತುದೀಗೆ ಬಿಸಿಲು ಬೀಳಲ್ಲ ಕಣೋ. ಅದಕ್ಕೇ ಬಿಡ್ತೀನಿ."

ಹಿತ್ತಲಿನಲ್ಲಿ ಬೆಳಗಿನಿಂದ ಸಂಜೆಯ ತನಕ ಬಿಸಿಲು ಬೀಳುವುದು ಆ ತುದಿಗೇ. ಈ ತುದಿಯ ಮೇಲೆ ಪಕ್ಕದ ಮನೆಯ ಗೋಡೆಯ ನೆರಳು.

"ಹೌದಪ್ಪಾ," ಎಂದ ಲೆಶೆಕ್. "ಅಲ್ಲಿ ಬಿಸಿಲೇ ಇಲ್ಲ."

ಬಸ್ಸು ಬಂತು. ಇಬ್ಬರೂ ಹತ್ತಿದರು.